ಶೀಗಿ ಹುಣ್ಣಿಮೆಗೆ ಬಂದ ಓದುಗ ದೊರೆಗಳು

ಈ ಶೀಗಿ ಹುಣ್ಣಿಮೆಗೆ ಮಾವನ ಬಾಯಿ ಮುಚ್ಚಿಸಿಯೇ ಸೈ ಎಂದು ವಿನೋದ ರಾಯಚೂರು ಬಿಡುವ ಮೊದಲೇ ಪಣ ತೊಟ್ಟಿದ್ದ. ಅವನೇನು ಸಾಮಾನ್ಯನೇ? ‘ಎರಡು ಹೊಳೆ ವಾರ್ತೆ’ ಎಂಬ ಆನ್‌ಲೈನ್ ಸುದ್ದಿವಾಹಿನಿಯ ಸಂಸ್ಥಾಪಕ, ಸಂಪಾದಕ, ವರದಿಗಾರ ಮತ್ತು ಜವಾನ. ಕಚೇರಿ ಅಂಗಿಯ ಕಿಸೆಯಲ್ಲಿ. ಫಾಲೋ ಮಾಡುವವರು ಹನ್ನೊಂದು ಸಾವಿರ! ಆದರೆ ಹಿರೇಕೊಟ್ನೆಕಲ್‌ನ ಮಾವ ಗಡಿಗೆಪ್ಪನಿಗೆ, ಅಳಿಯ ಮಾಡುವ ಕೆಲಸ ಯಾವುದೆಂದು ಆರು ವರ್ಷವಾದರೂ ಗೊತ್ತಾಗಿರಲಿಲ್ಲ.

“ಹನ್ನೊಂದು ಸಾವಿರ ಮಂದಿ ಅಂತೀರಿ ಅಳಿಯಾರ. ಒಬ್ಬರನ್ನರ ಕಣ್ಣಿಗೆ ತೋರಿಸ್ರಿ” ಎಂದು ಆತ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದ. ಆ ಮಾತು ವಿನೋದನಿಗೆ ಮುಳ್ಳು ಚುಚ್ಚಿದಂತೆ ಚುಚ್ಚುತ್ತಿತ್ತು.

ಹಬ್ಬದ ಮುಂಜಾನೆ ಅತ್ತೆ ದುರುಗಮ್ಮ ಹೊಲಕ್ಕೆ ಒಯ್ಯುವ ಬುಟ್ಟಿಗೆ ಕಡಬು, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ತುಂಬುತ್ತಿದ್ದಳು. ಮನೆಯ ಎಂಟು ಮಂದಿಗೆ ಸರಿಯಾಗುವಷ್ಟು. ವಿನೋದ ಫೋನ್ ಎತ್ತಿ ಹಿಡಿದ.

“ಇವತ್ತೊಂದಿನ ಅದನ್ನ ಕೆಳಗಿಡ್ರಿ” ಎಂದಳು ಹೆಂಡತಿ ಶಶಿಕಲಾ.

“ಓದುಗರನ್ನ ಜೋಡಿ ಕರ್ಕೊಂಡು ಹೋಗೋದ ಈಗಿನ ಪತ್ರಿಕೋದ್ಯಮ. ನಿನಗ ತಿಳಿಯಂಗಿಲ್ಲ” ಎಂದು ಲೈವ್ ಶುರು ಮಾಡಿದ.

ನಮ್ಮ ಸೀಮೆಯಲ್ಲಿ ಊಟದ ಹೊತ್ತಿಗೆ ಎದುರಿಗೆ ಕಂಡವರನ್ನು “ಊಟ ಮಾಡೋಣ ಬರ್ರಿ” ಎನ್ನದೆ ತುತ್ತೆತ್ತುವವರಿಲ್ಲ. ಕರೆಸಿಕೊಂಡವರು “ಈಗ ಆತ್ರಿ, ನೀವ್ ಮಾಡ್ರಿ” ಎಂದು ಮುಂದೆ ಹೋಗಬೇಕು. ಇದು ಇಬ್ಬರಿಗೂ ಗೊತ್ತಿರುವ ಒಪ್ಪಂದ. ವಿನೋದನೂ ಬುಟ್ಟಿ ತೋರಿಸಿ, “ಊಟ ಮಾಡೋಣ ಬರ್ರಿ ಎಲ್ಲಾರೂ” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಹೊಸ ಪತ್ರಿಕೋದ್ಯಮವಲ್ಲವೇ, ಹೊಲದ ಲೊಕೇಶನ್ನೂ ಹಾಕಿಬಿಟ್ಟ.

“ಹೊಂಟ್ವಿ ಅಣ್ಣಾ”, “ಏಳು ಮಂದಿ ಅದೀವಿ” ಎಂದು ಕಾಮೆಂಟುಗಳು ಬಂದವು. ಓದುಗರ ಪ್ರೀತಿ ಎಂದರೆ ಇದು ಎಂದು ಉಬ್ಬಿ, ಒಂದೊಂದಕ್ಕೂ ಕೆಂಪು ಹೃದಯ ಒತ್ತಿದ.

ಹೊಲದಲ್ಲಿ ಪೂಜೆ ಮುಗಿಸಿ ಗಡಿಗೆಪ್ಪ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದ. ಎಲ್ಲರೂ ಬೇವಿನ ನೆರಳಲ್ಲಿ ಕೂತು, ದುರುಗಮ್ಮ ಮೊದಲ ತಾಟಿಗೆ ಕಡಬು ಹಾಕುವಷ್ಟರಲ್ಲಿ ಒಂದು ಟಂಟಂ ಬಂದು ನಿಂತಿತು. ದೇವದುರ್ಗದ ಬಳೆ ವ್ಯಾಪಾರಿ ಗುಲಾಮ್ ರಸೂಲ್ ಸಂಸಾರ ಸಮೇತ ಇಳಿದ.

“ಅಷ್ಟು ಪ್ರೀತಿಲೆ ಕರೆದೀರಿ ಸಾಹೇಬ್ರ. ಬರದಿದ್ರ ಹೆಂಗ ನಡೀತದ?”

ಹಿಂದೆಯೇ ಸಿರವಾರದಿಂದ ಒಂದು ಗೂಡ್ಸ್ ಗಾಡಿ, ರಾಯಚೂರಿನಿಂದ ನಾಲ್ಕು ಬೈಕು. ಒಟ್ಟು ಮೂವತ್ತೊಂದು ಮಂದಿ. ಗಡಿಗೆಪ್ಪ ಕಣ್ಣರಳಿಸಿ, “ಅಳಿಯಾರ, ನಿಮ್ಮ ಮಂದಿ ಖರೇನ ಅದಾರಲ್ರಿ” ಎಂದ. ವಿನೋದನ ಎದೆ ಎರಡು ಇಂಚು ಮುಂದೆ ಬಂತು.

“ಎಂಟು ಮಂದಿ ಅಡುಗಿ ಇಷ್ಟು ಮಂದಿಗೆ ಹೆಂಗ ಮುಟ್ಟಸ್ಲೆವ್ವಾ?” ಎಂದು ದುರುಗಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು.

“ಸಂಪಾದಕರ ಪಾಲು ಮೊದಲ ಅವರಿಗೆ ಹಂಚಿಬಿಡವ್ವಾ” ಎಂದಳು ಶಶಿಕಲಾ.

ಪುಣ್ಯಕ್ಕೆ ಗುಲಾಮ್ ರಸೂಲನ ಹೆಂಡತಿ ಸುಗ್ರಾ ಬೇಗಂ ಒಂದು ಪಾತ್ರೆ ಬಗಾರ ಅನ್ನ ತಂದಿದ್ದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ನಕ್ಕು ನಲಿದು ಉಂಡರು. ಬಡಿಸುತ್ತ ಓಡಾಡಿದ ವಿನೋದನ ಪಾಲಿಗೆ ಕೊನೆಗೆ ಅರ್ಧ ಕಡಬು, ಅದೂ ತುದಿಯದ್ದು. ಆದರೂ ಮಾವ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟಾಗ ಹಸಿವೆಲ್ಲ ಮರೆತುಹೋಯಿತು.

“ನಾನ ತಪ್ಪು ತಿಳಕೊಂಡಿದ್ದೆ ಅಳಿಯಾರ. ಹತ್ತಿ ಒಡದು ನಿಂತದ, ಬಿಡಸಾಕ ಆಳು ಸಿಗವಲ್ರು. ನಾಳಿಗೂ ಹಿಂಗ ನಿಮ್ಮ ಮಂದೀನ ಕರೀರಿ.”

“ಒಂದು ಮಾತು ಅಂದ್ರ ಸಾವಿರ ಮಂದಿ ಬರ್ತಾರ ಮಾವಾರ” ಎಂದು ವಿನೋದ ಅಲ್ಲೇ ಲೈವ್ ಮಾಡಿ ಕರೆ ಕೊಟ್ಟ. ಅವನ ಮಾತು ಮುಗಿಯುವಷ್ಟರಲ್ಲಿ ಟಂಟಂ, ಗೂಡ್ಸ್ ಗಾಡಿ, ಬೈಕುಗಳೆಲ್ಲ ದೂಳೆಬ್ಬಿಸಿ ಮಾಯವಾಗಿದ್ದವು.

ಮರುದಿನ ಬಿಸಿಲೇರಿದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಮಾವ ಒಂದು ಹಳೆಯ ಸೀರೆ ತುಂಡನ್ನು ಅಳಿಯನ ನಡುವಿಗೆ ಉಡಿಯಂತೆ ಕಟ್ಟಿ, ಹತ್ತಿಯ ಸಾಲು ತೋರಿಸಿದ. ಸಂಪಾದಕರು ಬಗ್ಗಿದರು. ಬೆರಳು ಗೀರಿತು, ಸೊಂಟ ಹಿಡಿಯಿತು, ಅಯ್ಯಯ್ಯೋ ಎಂದರು. ಶಶಿಕಲಾ ಸದ್ದಿಲ್ಲದೆ ಅವನ ಫೋನಿನಿಂದಲೇ ಲೈವ್ ಬಿಟ್ಟಳು.

ಒಂದೇ ತಾಸಿನಲ್ಲಿ ನಾಲ್ಕು ಸಾವಿರ ಮಂದಿ ನೋಡಿದರು. ವಾಹಿನಿಯ ಚರಿತ್ರೆಯಲ್ಲೇ ದಾಖಲೆ! ಮಾವ ಬದುವಿನ ಮೇಲೆ ಆರಾಮಾಗಿ ಕೂತು, ಮಗಳಿಂದ ಕಾಮೆಂಟು ಓದಿಸಿ ಗಟ್ಟಿಯಾಗಿ ಸಾರುತ್ತಿದ್ದ.

“ಅಳಿಯಾರ, ನಿಮ್ಮ ಓದುಗರು ಹೇಳಾಕತ್ತಾರ ಕೇಳ್ರಿ. ಎಡಗಡೆ ಗಿಡದಾಗ ಎರಡು ಕಾಯಿ ಬಿಟ್ಟು ಬಂದೀರಂತ.”