ಗಿರಣಿ ಅತ್ತೆಯ ಗುರುಗಳು

ನಮ್ಮ ಅತ್ತೆಗೆ ಕಡಿಮೆಯೆಂದರೂ ಮುನ್ನೂರು ಜನ ಗುರುಗಳಿದ್ದಾರೆ. ಅವರಲ್ಲಿ ಒಬ್ಬರಿಗೂ ಈ ಸಂಗತಿ ಗೊತ್ತಿಲ್ಲ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮರಾಠಿ ಸೀಮೆಯ ಜತ್ತ ತಾಲೂಕಿನಲ್ಲಿ, ಉಟಗಿಗೆ ಹತ್ತಿರದ ನಮ್ಮ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಮಾವ ತೀರಿಕೊಂಡ ಮೇಲೆ "ಗಿರಣಿ ಮಾರಿಬಿಡವ್ವಾ" ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ "ನಾಳಿಂದ ನಿಮ್ಮ ಜ್ವಾಳ ನೀವಽ ಬೀಸ್ಕೋತೀರೇನು?" ಎಂದು ಕೇಳಿ ಬಾಯಿ ಮುಚ್ಚಿಸಿದವಳು. ವಯಸ್ಸು ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಶಾಲೆ ಕಂಡದ್ದು ಮರಾಠಿ ನಾಲ್ಕನೇ ಇಯತ್ತೆಯವರೆಗೆ. ಆಮೇಲಿನದನ್ನೆಲ್ಲ ಮೊಬೈಲಿನಲ್ಲಿ ಕಲಿತಿದ್ದಾಳೆ.

ಮೊಬೈಲಿನಲ್ಲಿ ಈಗ ಯಾರು ಕಲಿಯುವುದಿಲ್ಲ ಹೇಳಿ? ನೀವೂ ಕಲಿಯುತ್ತೀರಿ, ನಾನೂ ಕಲಿಯುತ್ತೇನೆ. ಆದರೆ ನಾವು ಹಾಸಿಗೆಯಲ್ಲಿ ಬಿದ್ದುಕೊಂಡು, ಬಾಯಿಗೆ ಶೇಂಗಾ ಎಸೆದುಕೊಳ್ಳುತ್ತ, ಬೇಸರವಾದರೆ ಬೆರಳಿನಿಂದ ಮುಂದೆ ತಳ್ಳುವ ಮಂದಿ. ಅತ್ತೆ ಹಾಗಲ್ಲ. ಮೊಬೈಲನ್ನು ಮಣೆಯ ಮೇಲಿಟ್ಟು, ಬೀಳದಂತೆ ಹಿಂದೊಂದು ಕಾಳು ಅಳೆಯುವ ಸೇರು ಆನಿಸಿ, ಕೈಕಾಲು ತೊಳೆದು, ತಲೆ ತುಂಬ ಸೆರಗು ಹೊದ್ದು ಎದುರಿಗೆ ಕೂಡುತ್ತಾಳೆ. ಕಾಲು ಮಡಚಲು ಮೊಣಕಾಲು ಒಪ್ಪುವುದಿಲ್ಲ, ಆದರೂ ಮಡಚುತ್ತಾಳೆ. ಗುರುಗಳ ಕಡೆ ಕಾಲು ಚಾಚುವುದುಂಟೇ! ಪರದೆಯ ಮೇಲಿನ ಹುಡುಗ "ನಮಸ್ತೇ ದೋಸ್ತೋ" ಎಂದರೆ ಇವಳು ಎರಡೂ ಕೈ ಜೋಡಿಸಿ "ನಮಸ್ಕಾರ್ರೀ ಸರ, ಆದ್ರ ದೋಸ್ತ ಅನಬ್ಯಾಡ್ರಿ, ನಾ ನಿಮ್ಮಕಿಂತ ದೊಡ್ಡಾಕಿ" ಎನ್ನುತ್ತಾಳೆ. ಮುಗಿದಾಗ "ಬರ್ತೀನ್ರಿ" ಎಂದು ಹೇಳಿಯೇ ಮೊಬೈಲು ಎತ್ತುತ್ತಾಳೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯಲು ಕೂರುತ್ತಿರಲಿಲ್ಲ. ಅತ್ತೆ ಯಾವ ವಿಡಿಯೋವನ್ನೂ ನಡುವೆ ನಿಲ್ಲಿಸುವುದಿಲ್ಲ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ತೋರಿಸಲು ಹೋಗಿ ನಾನು ಬೈಸಿಕೊಂಡೆ.

"ಮಾತಾಡೋ ಮನಷ್ಯಾನ ಬಾಯಿ ಮುಚ್ಚತಾರೇನೋ? ಮಾಸ್ತರ ಆಗಿ ಇದನ್ನ ಕಲ್ತಿಯೇನು?"

ನಾನು ನಿಜಕ್ಕೂ ಮಾಸ್ತರ. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಮಕ್ಕಳು ದಿನಕ್ಕೆ ನೂರು ಸಲ ನನ್ನ ಮಾತನ್ನು ನಡುವೆ ನಿಲ್ಲಿಸುತ್ತಾರೆ. ಅದನ್ನು ಅತ್ತೆಗೆ ಹೇಳಲಿಲ್ಲ. ಮತ್ತೆ, ವಿಡಿಯೋದ ನಡುವೆ ಜಾಹೀರಾತು ಬಂದರೆ ಅದನ್ನೂ ಅವಳು ಕೊನೆಯ ತನಕ ನೋಡುತ್ತಾಳೆ. "ನಡಬರಕ ಬಂದ ಬೀಗರನ್ನ ಎಬ್ಬಿಸಿ ಕಳಸೂದು ಚಂದ ಕಾಣಸ್ತೈತೇನು?"

ಹೀಗಿರುವಾಗ ಗಿರಣಿಯ ಮೋಟಾರಿನ ಬೇರಿಂಗು ಕಿರ್ರೆನ್ನತೊಡಗಿತು. ಜತ್ತದ ಮೆಕ್ಯಾನಿಕ್ಕು ದಿನಕ್ಕೊಂದು ಸಲ "ನಾಳೆ ಬರ್ತೀನ್ರಿ ಮೌಶಿ" ಎಂದು ಭರವಸೆ ಕೊಟ್ಟ. ನಾಲ್ಕನೆಯ ನಾಳೆಗೆ ಅತ್ತೆ ಒಬ್ಬ ಹಿಂದಿ ಗುರುಗಳನ್ನು ಹುಡುಕಿ ಮಣೆಯ ಮೇಲೆ ಕೂರಿಸಿಕೊಂಡಳು. ಆ ಪುಣ್ಯಾತ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಬೋಲ್ಟು ಬಿಚ್ಚಿ ಐದನೆಯದಕ್ಕೆ ಹೋಗಿದ್ದ. ಅತ್ತೆಯ ಕೈಯಲ್ಲಿ ಇನ್ನೂ ಮೊದಲನೆಯದೇ ಇತ್ತು. ನಿಲ್ಲಿಸುವಂತಿಲ್ಲವಲ್ಲ! ಏನು ಮಾಡಿದಳು ಗೊತ್ತೇ? ಅವನು ಪೂರಾ ಹೇಳಿ ಮುಗಿಸುವವರೆಗೂ ಮರ್ಯಾದೆಯಿಂದ ಕಾಯ್ದು, "ಬರ್ತೀನ್ರಿ" ಹೇಳಿ, ಎರಡನೆಯ ಬೋಲ್ಟಿಗಾಗಿ ಮತ್ತೆ ಮೊದಲಿನಿಂದ ಹಚ್ಚಿದಳು. ಮತ್ತೆ ನಮಸ್ತೇ, ಮತ್ತೆ ನಮಸ್ಕಾರ, ಮತ್ತೆ "ದೋಸ್ತ ಅನಬ್ಯಾಡ್ರಿ". ಇಡೀ ದಿನ ಹಿಡಿಯಿತು. ಆದರೆ ಸಂಜೆಗೆ ಮೋಟಾರು ಬೆಣ್ಣೆಯ ಹಾಗೆ ತಿರುಗಿತು, ಇವತ್ತಿಗೂ ತಿರುಗುತ್ತಿದೆ. ಮರುದಿನ ಬಂದ ಮೆಕ್ಯಾನಿಕ್ಕು ಚಹಾ ಕುಡಿದು ಹೋದ.

ಕೆಲಸವಾಯಿತು, ಇನ್ನು ವಿಡಿಯೋದ ಕೆಳಗೆ ಗುರುಗಳಿಗೆ ಎರಡು ಮಾತು ಬರೆಯಬೇಕು. ಬರೆಯುವ ಕೆಲಸ ನನ್ನ ತಲೆಗೆ ಬಂತು. ಅವಳು ಹೇಳಿದ ಹಾಗೆ ಹಿಂದಿಯಲ್ಲಿ ಬರೆದೆ: ನಿಮ್ಮ ಕಡೆ ಮಳೆ ಹೇಗಿದೆ, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆಯೇ, ತಾಯಿಯವರ ತಬ್ಯೇತು ಹೇಗಿದೆ, ಲಗ್ನ ಆಗಿದೆಯೋ ಇಲ್ಲವೋ.

"ಅತ್ತಿ, ಮೋಟಾರ ಬಗ್ಗೆ ಏನೂ ಬರೀಲಿಲ್ಲಲಾ?"

"ಬಂದ ಕೂಡ್ಲೇ ಕೆಲಸದ ಮಾತ ತಗೀತಾರೇನೋ? ಮೊದಲ ಅವ್ರ ಸುದ್ದಿ ಬರಲಿ."

ಎಂಟು ದಿನ ಕಾಯ್ದಳು. ಒಂಬತ್ತನೆಯ ದಿನ ಉತ್ತರ ಬಂತು: ಮೇಲೆತ್ತಿದ ಒಂದು ಹೆಬ್ಬೆರಳು. ಅತ್ತೆ ಮೊಬೈಲನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಆಮೇಲೆ ಮರುಕದಿಂದ, "ಪಾಪ, ಅಷ್ಟ ಶ್ಯಾಣ್ಯಾ ಹುಡುಗ. ಸಹಿ ಮಾಡಾಕ ಬರೂದಿಲ್ಲ ನೋಡು, ಹೆಬ್ಬಟ್ಟ ಒತ್ಯಾನ!" ಎಂದಳು.

ಆ ಮೇಲೆ ಆರೋಗ್ಯದ ಗುರುಗಳು ಬಂದರು. ತಾನೊಬ್ಬಳೇ ಕಲಿತಿದ್ದರೆ ಚಿಂತೆಯಿರಲಿಲ್ಲ. ಅತ್ತೆ ಗಿರಣಿಗೆ ಬಂದವರಿಗೆಲ್ಲ ಕುತ್ತಿಗೆ ತಿರುಗಿಸಲು ಹಚ್ಚಿದಳು. ಪಾಳಿಯಲ್ಲಿ ಡಬ್ಬಿ ಇಟ್ಟು ನಿಂತ ಹೆಂಗಸರು ಬಲಕ್ಕೆ ಐದು ಸಲ, ಎಡಕ್ಕೆ ಐದು ಸಲ ತಿರುಗಿಸಬೇಕು. ಇಲ್ಲ ಎಂದವರ ಡಬ್ಬಿ ಪಾಳಿಯಲ್ಲಿ ಕೊನೆಗೆ! ನಮ್ಮ ಓಣಿಯ ಚಾಚಿ, ಅತ್ತೆಯ ಹಳೆಯ ಗೆಳತಿ, ಒಮ್ಮೆ ಜಗಳ ತೆಗೆದಳು.

"ಕ್ಯಾ ಅಕ್ಕಾ, ಹಿಟ್ಟ ಬೀಸೂ ಅಂದ್ರ ನನ್ನ ಕುತ್ತಿಗೀನಽ ಬೀಸ್ತೀಯಲ್ಲ!"

"ತಿರುವು ತಿರುವು. ಸೊಸೀ ಕಡೆ ನೋಡಿ ನೋಡಿ ಒಂದಽ ಕಡೆ ನಿಂತೈತಿ ಅದು."

ಚಾಚಿಯ ಸೊಸೆಯೇ ಪಾಳಿಯಲ್ಲಿ ಹಿಂದೆ ನಿಂತು ಕುತ್ತಿಗೆ ತಿರುಗಿಸುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಇನ್ನು ಅಪ್ಪನ ಸಂಗತಿ ಹೇಳಬೇಕು. ಇದನ್ನು ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ.

ಅಪ್ಪ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ಅವನ ದನಿ ಎಂದರೆ ದನಿ! "ಉಟಗಿ ಯಾರ್ರೀ, ಉಟಗೀ" ಎಂದು ಕೂಗಿದರೆ ಬಸ್ಸಿನ ಮೇಲೆ ಕೂತ ಕುರಿಯೂ ಎದ್ದು ನಿಲ್ಲುತ್ತಿತ್ತು. ನಿವೃತ್ತನಾದ ಮೇಲೂ ಮನೆಯಲ್ಲಿ ನೀರು ಕೇಳಿದರೆ ಪಕ್ಕದ ಮನೆಯವರು ತಂದು ಕೊಡುತ್ತಿದ್ದರು. ಹೋದ ಶ್ರಾವಣದಲ್ಲಿ ಅವನಿಗೆ ಲಕ್ವ ಹೊಡೆಯಿತು. ಕೈ ಕಾಲು ಎರಡು ತಿಂಗಳಲ್ಲಿ ಸುಧಾರಿಸಿದವು, ನಾಲಿಗೆ ಸುಧಾರಿಸಲಿಲ್ಲ. ಮಾತು ಸೊಟ್ಟಗೆ, ತಡವರಿಸುತ್ತ ಬರುತ್ತಿತ್ತು. ಒಂದು ದಿನ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಹೇಳಲು ಹೋದಾಗ ಯಾರೋ ಗೊತ್ತಿಲ್ಲದವನು ಕುಡಿದಿದ್ದಾನೆಂದು ತಿಳಿದು ನಕ್ಕನಂತೆ. ಅಂದು ಮನೆಗೆ ಬಂದ ಅಪ್ಪ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಮಿರಜದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ದಿನಾಲೂ ಮಾತಾಡಿಸಿ, ಸುಮ್ಮನೆ ಬಿಟ್ಟರೆ ಇರುವ ಮಾತೂ ಹೋಗುತ್ತದೆ.

ನಾನು ಮಾತಾಡಿಸಿದೆ. ಮಾಸ್ತರನಲ್ಲವೇ, ಶಾಲೆಯಿಂದ ಚಿತ್ರದ ಕಾರ್ಡು ತಂದೆ. ಅಪ್ಪ ಒಂದೆರಡು ಸಲ ತುಟಿ ಅಲುಗಿಸಿದ. ನಾನು ತಕ್ಷಣ, "ಹಂಗಲ್ಲಪ್ಪಾ, ನೀ-ರು. ಇನ್ನೊಮ್ಮೆ ಅನ್ನು" ಎಂದೆ. ಅಪ್ಪ ಕಾರ್ಡನ್ನು ನೋಡಲಿಲ್ಲ, ನನ್ನನ್ನು ನೋಡಿದ. ಎದ್ದು ಹೋಗಿ ತಾನೇ ನೀರು ಬಗ್ಗಿಸಿಕೊಂಡು ಕುಡಿದ. ಮರುದಿನದಿಂದ ನಾನು ಕಾರ್ಡು ತೆಗೆದರೆ ಸಾಕು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಇಷ್ಟು ವರ್ಷ ಕಲಿಸಿದ ನನ್ನ ಮಾಸ್ತರಿಕೆ ಅಲ್ಲಿಗೆ ಕೈಯೆತ್ತಿತು.

ಆಗ ಅತ್ತೆ ಹೊಸ ಗುರುವೊಬ್ಬಳನ್ನು ಹುಡುಕಿದಳು. ಲಕ್ವ ಹೊಡೆದವರಿಗೆ ಮಾತು ಕಲಿಸುವ, ಮರಾಠಿ ಮಾತಾಡುವ ಸಣ್ಣ ವಯಸ್ಸಿನ ಹುಡುಗಿ. ಗಲ್ಲ ಉಬ್ಬಿಸಿ, ನಾಲಿಗೆ ಹೊರಗೆ ಚಾಚಿ, ಮೂಗಿಗೆ ಮುಟ್ಟಿಸಲು ನೋಡಿ, ಗಂಟಲು ಬಿಚ್ಚಿ ಕೂಗಿ ಎಂದು ಹೇಳಿಕೊಡುತ್ತಿದ್ದಳು. ಮೊದಲು ತಾನು ಕಲಿಯದೆ ತಮ್ಮನಿಗೆ ಹೇಗೆ ಹೇಳುವುದು? ಅತ್ತೆ ಗಿರಣಿಯಲ್ಲೇ ಮಣೆ ಹಾಕಿ ಶುರು ಮಾಡಿದಳು. ಅದೇ ಹೊತ್ತಿಗೆ ಪಂಚಾಯತಿಯ ಮೆಂಬರರೊಬ್ಬರು ಗೋಧಿ ಹೊತ್ತು ಒಳಗೆ ಬಂದರು. ಹೋದ ಇಲೆಕ್ಷನ್ನಿನಲ್ಲಿ ಅತ್ತೆ ತಮಗೆ ಮತ ಹಾಕಿಲ್ಲವೆಂಬ ಗುಮಾನಿ ಅವರಿಗೆ ಮೊದಲೇ ಇತ್ತು. ಎದುರಿಗೆ ಕೂತ ಅತ್ತೆ ಅವರ ಮುಖಕ್ಕೆ ಸರಿಯಾಗಿ ಅಷ್ಟುದ್ದ ನಾಲಿಗೆ ಚಾಚಿದಳು! ಪಾಠ ನಡುವೆ ನಿಲ್ಲಿಸುವಂತಿಲ್ಲವಾದ್ದರಿಂದ ಒಳಗೂ ಎಳೆದುಕೊಳ್ಳಲಿಲ್ಲ. ಮೆಂಬರರು ಈಗ ಗೋಧಿ ಬೀಸಿಸಲು ತಿಕೋಂಡಿಯ ಗಿರಣಿಗೆ ಹೋಗುತ್ತಾರೆ.

ಪೂರಾ ಕಲಿತಾದ ಮೇಲೆ ಅತ್ತೆ ನಮ್ಮ ಮನೆಗೆ ಬಂದು ಅಪ್ಪನ ಕೈ ಹಿಡಿದು ಎಬ್ಬಿಸಿದಳು.

"ನಡಿ, ಗಿರಣಿಗೆ ಹೋಗೂನು."

ನನಗೆ ಸಿಟ್ಟು ಬಂತು. "ಅತ್ತಿ, ನಿನಗೇನರ ತಲಿ ಐತೇನು? ಮಾತ ಕಲಸೂದು ಅಂದ್ರ ಶಾಂತ ಜಾಗಾ ಬೇಕು. ಆ ಗದ್ದಲದಾಗ ಅಪ್ಪ ಮಾತಾಡಿದ್ರ ಯಾರಿಗೆ ಕೇಳತೈತಿ?"

"ಯಾರಿಗೂ ಕೇಳೂದಿಲ್ಲ," ಎಂದಳು ಅತ್ತೆ. "ಅದಕ್ಕಽ ಕರಕೊಂಡ ಹೊಂಟೇನಿ."

ತಿಳಿಯಿತೇ ನಿಮಗೆ? ನನಗಂತೂ ತಿಳಿಯಲಿಲ್ಲ. ವಯಸ್ಸಾಯಿತು, ಗಿರಣಿಯ ಸದ್ದು ತಲೆಗೇರಿದೆ ಎಂದುಕೊಂಡೆ. ದಿನಾಲೂ ಹತ್ತು ಗಂಟೆಗೆ ಅಪ್ಪನನ್ನು ಕರೆದೊಯ್ಯುವುದು, ಮಧ್ಯಾಹ್ನ ಮೈತುಂಬ ಹಿಟ್ಟು ಮಾಡಿ ಕಳಿಸುವುದು. ಮನೆಯಲ್ಲಿ ಅಪ್ಪ ಎಂದಿನಂತೆ ತುಟಿ ಬಿಚ್ಚುತ್ತಿರಲಿಲ್ಲ. ಒಂದು ತಿಂಗಳು ಸಹಿಸಿಕೊಂಡೆ. ಇರುವ ಮಾತೂ ಹೋಗುತ್ತದೆ ಎಂದ ಡಾಕ್ಟರರ ಮಾತು ಎದೆಯಲ್ಲಿ ಕೂತಿತ್ತು. ಇನ್ನು ಈ ಹುಚ್ಚಾಟ ಸಾಕು, ಅಪ್ಪನನ್ನು ಮಿರಜದ ಆಸ್ಪತ್ರೆಯಲ್ಲೇ ಒಂದಷ್ಟು ದಿನ ಇಡೋಣ ಎಂದು ನಿಶ್ಚಯಿಸಿ, ಶನಿವಾರ ಬೆಳಗಿನ ಶಾಲೆ ಮುಗಿಸಿ ಸೀದಾ ಗಿರಣಿಗೆ ಹೋದೆ.

ಬಾಗಿಲಲ್ಲೇ ನಿಂತುಬಿಟ್ಟೆ. ಗಿರಣಿ ಗರಗರ ತಿರುಗುತ್ತಿತ್ತು. ನಿಮಗೆ ಗೊತ್ತಲ್ಲ, ಗಿರಣಿ ಚಾಲೂ ಇದ್ದಾಗ ಒಳಗೆ ಯಾರೂ ಬಾಯಿಂದ ಮಾತಾಡುವುದಿಲ್ಲ. ಸಣ್ಣಗೆ ಬೀಸು ಎನ್ನಲು ಎರಡು ಬೆರಳು ಉಜ್ಜುತ್ತಾರೆ, ತಡವಾಯಿತು ಎನ್ನಲು ಮುಂಗೈ ತೋರಿಸುತ್ತಾರೆ. ಎಷ್ಟೇ ದೊಡ್ಡ ಮಾತುಗಾರನಾದರೂ ಅಲ್ಲಿ ಮೂಕನೇ. ಆ ಮೂಕರ ನಡುವೆ, ಜೋಳದ ಚೀಲದ ಮೇಲೆ ಕೂತು ನಮ್ಮಪ್ಪ ಬಾಯಿ ತುಂಬ ಕೂಗುತ್ತಿದ್ದ. ಕುತ್ತಿಗೆಯ ನರ ಉಬ್ಬಿದ್ದವು, ಕಣ್ಣು ಅರಳಿದ್ದವು. ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಅತ್ತೆ ಅವನ ಕಡೆ ನೋಡುತ್ತಲೂ ಇರಲಿಲ್ಲ. ಒಂದೊಂದು ಡಬ್ಬಿ ಖಾಲಿಯಾದಾಗ ಕೈ ಎತ್ತುತ್ತಿದ್ದಳು, ಅಪ್ಪ ಮುಂದಿನ ಪಾಳಿ ಕೂಗುತ್ತಿದ್ದ, ಹೆಂಗಸರು ಅವನ ತುಟಿ ನೋಡಿ ಡಬ್ಬಿ ಮುಂದೆ ಸರಿಸುತ್ತಿದ್ದರು. ಯಾರೂ ತಿದ್ದುತ್ತಿರಲಿಲ್ಲ. ತಿದ್ದಲು ಕೇಳಿಸಬೇಕಲ್ಲ! ಮಾಸ್ತರನಾದ ನನಗೆ ಹೊಳೆಯದಿದ್ದುದು ನಾಲ್ಕನೇ ಇಯತ್ತೆಯ ಅತ್ತೆಗೆ ಹೊಳೆದಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು.

ಮೋಟಾರಿನ ಪಟ್ಟಾ ಎರಡು ಸುತ್ತು ಸುತ್ತಿ ನಿಂತಿತು. ಆ ನಿಶ್ಶಬ್ದದಲ್ಲಿ, ಅಪ್ಪನಿಗೆ ಬಾಯಿ ಮುಚ್ಚಲು ಪುರಸೊತ್ತೇ ಸಿಗಲಿಲ್ಲ.

"ಮುಂ...ದಿನ ದಬ್ಬಿ ಯಾ...ರ್ದೂ?"

ಇಡೀ ಗಿರಣಿಗೆ ಕೇಳಿತು. ಸೊಟ್ಟಗಿತ್ತು, ತುಂಡು ತುಂಡಾಗಿತ್ತು, ಆದರೆ ಅದು ನನ್ನ ಅಪ್ಪನ ದನಿ. ಎಷ್ಟೋ ತಿಂಗಳ ಮೇಲೆ ಕೇಳಿದೆ. ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಸಿಕ್ಕಿಬಿದ್ದವನಂತೆ ಎಲ್ಲರ ಮುಖ ನೋಡಿದ, ನನ್ನನ್ನೂ ನೋಡಿದ. ತುಟಿ ಮತ್ತೆ ಒತ್ತಿಕೊಳ್ಳತೊಡಗಿದವು. ಅತ್ತೆ ಎತ್ತಿದ ಕೈ ಇಳಿಸುವುದನ್ನು ಮರೆತು ನಿಂತಿದ್ದಳು.

ಚಾಚಿ ತನ್ನ ಡಬ್ಬಿಯನ್ನು ಕಾಲಿನಿಂದ ಮುಂದೆ ಸರಿಸಿದಳು, ದಿನಾಲೂ ಸರಿಸುವ ಹಾಗೆಯೇ.

"ನಂದೈತಿ ಭಾವೂ. ಸಣ್ಣಗ ಬೀಸಾಕ ಹೇಳ್ರಿ ನಿಮ್ಮಕ್ಕಗ."

ಅಪ್ಪ ಅವಳನ್ನು ನೋಡಿದ. ತುಟಿ ಎರಡು ಸಲ ಸುಮ್ಮನೆ ಅಲುಗಿದವು.

"ಕ...ಕರೆಂಟ... ಬರ್ಲಿ. ತ...ತಡೀರಿ."

"ತಡೀತೀನಿ," ಎಂದು ಚಾಚಿ ಡಬ್ಬಿಯ ಮೇಲೆಯೇ ಕೂತಳು. "ನನಗೇನ ಗಡಿಬಿಡಿ ಇಲ್ಲ ಭಾವೂ. ನೀವು ಮಾತಾಡ್ರಿ."