ಕಲ್ಲಿದ್ದಲು ಧಣಿಯ ಮನೆಯಲ್ಲಿ ಕರಿ ಹೆಬ್ಬೆರಳು

ಕಲ್ಲಿದ್ದಲು ಧಣಿ ಕಟ್ಟಿಸಿದ ಹಳೆಯ ಬಂಗಲೆಯ ಹೊಸ್ತಿಲಲ್ಲಿ ಬೂಟು ಕಳಚಿದಾಗಲೇ ಇನೊಕುಚಿಗೆ ಗೊತ್ತಾದದ್ದು, ಎಡಗಾಲಿನ ಹೆಬ್ಬೆರಳು ಕಾಲುಚೀಲ ಹರಿದುಕೊಂಡು ಹೊರಗೆ ಬಂದಿದೆ ಎಂದು. ಆಫೀಸಿನ ಪ್ರವಾಸ ಬೇರೆ. ವಕ್ಕನಾಯ್ ಶಾಖೆಗೆ ಯಾರನ್ನು ಎತ್ತಂಗಡಿ ಮಾಡುವುದೆಂದು ಮುಖ್ಯಸ್ಥ ತೊಕುಮರು ಅವತ್ತೇ ಹೇಳುವವರಿದ್ದರು. ಇನೊಕುಚಿ ಕಟ್ಟಿಸಿದ ಹೊಸ ಮನೆಯ ಬಣ್ಣದ ವಾಸನೆಯೂ ಆರಿರಲಿಲ್ಲ. ದೇಶದ ಉತ್ತರದ ತುದಿಯ ಆ ಹಿಮದೂರಿಗೆ ಹೋಗಲು ಅವನಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ಹಾಳು ಬೆರಳಿಗೆ ಇದೇ ದಿನ ಬೇಕಿತ್ತೆ?

ಸಹೋದ್ಯೋಗಿ ಹಮಜಾಕಿಯ ಕಣ್ಣು ನೆಟ್ಟಗೆ ಅಲ್ಲಿಗೇ ಬಿತ್ತು.

"ಏನ್ರೀ, ನಿಮ್ ಬೆರಳು ನಮಗಿಂತ ಮುಂಚೆ ಮನೆ ನೋಡೋಕೆ ಹೊರಟಿದೆ."

"ಮೆಲ್ಲಗೆ ಮಾತಾಡಿ ಮಾರಾಯ್ರೇ."

"ಬರಿಗಾಲಲ್ಲಿ ಒಳಗೆ ಬಿಡಲ್ಲ. ಅಲ್ಲಿ ಮಸಿ ಇದೆ ನೋಡಿ. ಕಪ್ಪು ಕಾಲುಚೀಲಕ್ಕೆ ಕಪ್ಪು ಬೆರಳು, ಯಾರಿಗೆ ಗೊತ್ತಾಗುತ್ತೆ?"

ಬಂದವರು ಕುಂಚದಲ್ಲಿ ಹೆಸರು ಬರೆಯಲೆಂದು ಇಟ್ಟ ಮಸಿ ಅದು. ತಲೆಕೆಟ್ಟ ಸಲಹೆಯೇ ಸರಿ, ಆದರೆ ಬೇರೆ ದಾರಿ ಇರಲಿಲ್ಲ. ತೊಕುಮರು ಎಲ್ಲರಿಗಿಂತ ಮೊದಲೇ ಬಂದು ಒಳಗೆ ಕೂತಿದ್ದರು. ಉಳಿದವರೂ ಒಳಗೆ ಹೋಗುವವರೆಗೆ ಕಾದು, ಇನೊಕುಚಿ ಹೆಬ್ಬೆರಳಿಗೆ ದಪ್ಪಗೆ ಬಳಿದುಕೊಂಡ.

ದೊಡ್ಡ ಹಜಾರಕ್ಕೆ ಹೋದರೆ ಮನೆ ನೋಡಿಕೊಳ್ಳುವ ಮುದುಕಿ ನೆಲ ತೋರಿಸುತ್ತ ನಿಂತಿದ್ದರು. ಹೊಸ ತತಾಮಿ ಚಾಪೆಯ ಮೇಲೆ ಹೆಬ್ಬೆರಳಿನ ಕರಿ ಗುರುತು.

"ಹೋದ ತಿಂಗಳು ತಾನೆ ಹಾಸಿದ ಚಾಪೆ. ದಯವಿಟ್ಟು ಎಲ್ರೂ ಸ್ವಲ್ಪ ಕಾಲು ತೋರಿಸ್ತೀರಾ?"

ತೊಕುಮರು ಅವರ ಮುಖ ಬಿಳಿಚಿಕೊಂಡಿತು. ಇನೊಕುಚಿ ಅದನ್ನು ಸಿಟ್ಟೆಂದುಕೊಂಡ. ಸಿಕ್ಕಿಬೀಳುವ ಮೊದಲೇ ಒಪ್ಪಿಕೊಂಡರೆ ಕರುಣೆಯಾದರೂ ಹುಟ್ಟೀತೆಂದು ಚಾಪೆಗೆ ಹಣೆ ಹಚ್ಚಿ ಅಡ್ಡಬಿದ್ದ.

"ತಪ್ಪು ನಂದೇ. ದಯವಿಟ್ಟು ಕ್ಷಮಿಸ್ಬೇಕು."

ಮುದುಕಿ ಕರಗಿಹೋದರು. "ಅಯ್ಯೋ, ಏಳಿ ಏಳಿ. ಇಷ್ಟು ಚೆನ್ನಾಗಿ ಕ್ಷಮೆ ಕೇಳಿದವರನ್ನ ನಾನು ನೋಡೇ ಇಲ್ಲ. ಒರೆಸ್ಕೋತೀವಿ ಬಿಡಿ."

ಹಣೆ ಎತ್ತುವಾಗ ಅವನ ಕಣ್ಣಿಗೆ ಬಿದ್ದದ್ದು ಎದುರಿಗಿದ್ದ ತೊಕುಮರು ಅವರ ಬಲಗಾಲು. ಕಾಲುಚೀಲದಲ್ಲಿ ತೂತು, ತೂತಿನಲ್ಲಿ ಮಸಿ ಅರ್ಧ ಅಳಿಸಿಹೋದ ಹೆಬ್ಬೆರಳು. ಇನೊಕುಚಿ ತನ್ನದನ್ನು ಮುಟ್ಟಿ ನೋಡಿಕೊಂಡ. ಒಣಗಿ ಅಂಟಿಕೊಂಡಿತ್ತು, ಒಂಚೂರೂ ಅಳಿಸಿರಲಿಲ್ಲ. ಅವನಿಗೆ ಮೈಯೆಲ್ಲ ಉರಿದುಹೋಯಿತು.

ತೊಕುಮರು ಪಾದವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಅವನ ಭುಜ ತಟ್ಟಿದರು.

"ವಕ್ಕನಾಯ್ ಶಾಖೆ ಮೇಲೆ ದಿನಾ ದೂರು ಬರ್ತಿದೆ. ಯಾರನ್ನ ಕಳಿಸೋದು ಅಂತ ಬೆಳಗ್ಗೆಯಿಂದ ಒದ್ದಾಡ್ತಿದ್ದೆ. ಹೀಗೆ ಅಡ್ಡಬೀಳೋ ಮನುಷ್ಯನೇ ಅಲ್ಲಿಗೆ ಬೇಕು ಕಣಯ್ಯ."

ಆಮೇಲೆ ಎಲ್ಲರಿಗೂ ಕೇಳುವಂತೆ ಸೇರಿಸಿದರು: "ಹೋಗೋ ಮುಂಚೆ ಒಂದು ಜೊತೆ ಒಳ್ಳೆ ಕಾಲುಚೀಲ ತಗೋ. ಆಫೀಸಿನ ಮಾನ ಕಳೀಬೇಡ."