ಪಾದ್ರಿ ಚಲ್ವೆಯ ಅತ್ತೆ ನೀರಿಗಿಳಿದ ದಿನ

ಹಿರಿಯ ಪಾದ್ರಿ ಕಟೊಂಗೊ ಮರಳುದಾರಿಯಲ್ಲಿ ಮೋಟಾರ್‌ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡದ್ದರಿಂದಲೇ ಇಷ್ಟೆಲ್ಲ ಆಯಿತು. ಅವರು ಆ ಶನಿವಾರ ಬೆಳಿಗ್ಗೆ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಹೆಂಡತಿಯೊಂದಿಗೆ ಬಾಂಗ್ವೆಉಲು ಸರೋವರದ ದಂಡೆಯ ಮಿಷನ್ ಮನೆಗೆ ಬಂದಿಳಿದಾಗ ಪಾದ್ರಿ ಚಲ್ವೆ ತಲೆಯ ಮೇಲೆ ಕೈ ಹೊತ್ತು ನಿಂತ. ಅವತ್ತು ಅವನ ಅತ್ತೆಗೆ ದೀಕ್ಷಾಸ್ನಾನ.

ಗಣಿಪಟ್ಟಣದಿಂದ ಈ ಬೆಸ್ತರ ಊರಿಗೆ ಸುವಾರ್ತೆ ಸಾರಲು ಬಂದ ಹನ್ನೊಂದು ವರ್ಷದಲ್ಲಿ ಚಲ್ವೆ ಮುನ್ನೂರು ಜನರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸಿದ್ದ. ಹಿತ್ತಿಲಿನ ಜೊಂಡಿನ ತಡಿಕೆಯಾಚೆ ಗುಡಿಸಲು ಕಟ್ಟಿಕೊಂಡಿದ್ದ ಹೆಂಡತಿ ಮುತಾಲೆಯ ತಾಯಿ, ಮಗಳ ಹೆಸರಿನಿಂದಲೇ ಬನಾ ಮುತಾಲೆ, ಅಂದರೆ ಮುತಾಲೆಯ ಅಮ್ಮ, ಎನ್ನಿಸಿಕೊಂಡವಳು, ಮಾತ್ರ ಒಣಗಿಯೇ ಉಳಿದಿದ್ದಳು. ಊರಿಗೆಲ್ಲ ನೀರು ಹಾಕುವ ಪಾದ್ರಿಗೆ ತನ್ನ ಮನೆಗೆ ಹಾಕಲಾಗಲಿಲ್ಲ ಎಂದು ಮೀನು ಒಣಗಿಸುವಲ್ಲಿ ಜನ ಆಡಿಕೊಂಡು ನಗುತ್ತಿದ್ದರು. ಚಲ್ವೆಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿತ್ತು. ಹೋದ ತಿಂಗಳು ಮುದುಕಿ ತಾನಾಗಿ ಒಪ್ಪಿದಳು. ದೀಕ್ಷೆಯಿಲ್ಲದೆ ಸತ್ತರೆ ಸಭೆಯ ಬಿಳಿ ರುಮಾಲಿನ ಹೆಂಗಸರು ತನ್ನ ಹೆಣದ ಮುಂದೆ ಹಾಡುವುದಿಲ್ಲ ಎಂಬ ಚಿಂತೆ ಅವಳಿಗೆ ಹತ್ತಿತ್ತು.

ಆದರೆ ಅಲ್ಲಿಯ ಕಟ್ಟಳೆಯಂತೆ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಮುಟ್ಟುವ ಮಾತು ಬಾಯಲ್ಲೂ ತರುವಂತಿಲ್ಲ. ಅತ್ತೆ ಅಡಿಗೆ ಮಾಡಿ ಅಳಿಯನಿಗೆ ಬಡಿಸಿದರೆ ಆ ಕಟ್ಟು ಬಿಡುತ್ತದೆ; ಆ ಔತಣವನ್ನು ಮುದುಕಿ ಇವತ್ತು ನಾಳೆ ಎನ್ನುತ್ತ ಮುಂದೂಡಿದ್ದಳು. ಆಕೆ ಎದುರು ಬಂದರೆ ಚಲ್ವೆ ಬೈಬಲ್ ಸಮೇತ ಬಾಳೆಗಿಡದ ಹಿಂದೆ ಸರಿಯುತ್ತಿದ್ದ. ಮಾತೇನಿದ್ದರೂ ಹೆಂಡತಿ ಮುತಾಲೆಯ ಮೂಲಕವೇ. ಅದಕ್ಕೇ ದೀಕ್ಷೆ ಕೊಡಲು ಹಿರಿಯ ಪಾದ್ರಿಯನ್ನು ಕರೆಸಿದ್ದು. ಈಗ ಅವರ ಕೈ ಹೀಗಾಗಿತ್ತು.

"ದೀಕ್ಷೆ ಕೊಡೋ ಅಧಿಕಾರ ನಮ್ಮಿಬ್ಬರಿಗೇ ಇರೋದು" ಎಂದರು ಕಟೊಂಗೊ. "ಇನ್ನು ನೀನೇ ಇಳೀಬೇಕಪ್ಪ."

ಮುಂದಕ್ಕೆ ಹಾಕೋಣ ಎಂದ ಚಲ್ವೆ. ಮುತಾಲೆ ಒಲೆಯ ಮುಂದಿನಿಂದಲೇ ಗದರಿದಳು. ಇನ್ನೂರು ಜನರಿಗೆ ಮುದ್ದೆ ಬೇಯುತ್ತಿದೆ, ಸುತ್ತಲಿನ ದ್ವೀಪಗಳಿಂದ ದೋಣಿಗಳು ಬಂದು ನಿಂತಿವೆ, ಅಮ್ಮ ಇವತ್ತು ಹೂಂ ಅಂದಿದ್ದಾಳೆ, ನಾಳೆ ಏನೆನ್ನುತ್ತಾಳೋ ದೇವರೇ ಬಲ್ಲ.

ಸುದ್ದಿ ಹಬ್ಬಿ ಸಲಹೆಗಾರರು ನೆರೆದರು. ಸಭೆಯ ಹಿರಿಯ ಸದಸ್ಯ ಕಲುಬಾ ದೋಣಿಯ ಹುಟ್ಟಿನ ತುದಿಯಿಂದ ತಲೆ ಅದುಮಿದರೆ ಮುಟ್ಟಿದಂತಾಗುವುದಿಲ್ಲ ಎಂದ. ಅದು ಬೇಡವೆಂದಾಗ ಬಲೆಯಲ್ಲಿ ಕೂರಿಸಿ ಇಳಿಸೋಣ, ಇದಕ್ಕಿಂತ ಭಾರದ ಮೀನನ್ನೇ ಎತ್ತಿದ್ದೇನೆ ಎಂದ. ತಡಿಕೆಯಾಚೆ ಅತ್ತೆಯ ಜೀವದ ಗೆಳತಿ, ಹೆಂಡ ಕಾಸುವ ಬನಾ ಕಬ್ವೆ, ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಜನ್ಮದಲ್ಲಿ ಪ್ರಾರ್ಥನಾಮಂದಿರದ ಬಾಗಿಲು ತುಳಿದವಳಲ್ಲ.

ಕೊನೆಗೆ ಅತ್ತೆಯ ಕಡೆಯಿಂದಲೇ ಉಪಾಯ ಬಂತು. ಮುಡಿಯಿಂದ ಅಡಿಯವರೆಗೆ ಬಟ್ಟೆ ಹೊದ್ದು ಬರುವುದು, ಅಳಿಯ ಕಣ್ಣು ಮುಚ್ಚಿಕೊಳ್ಳುವುದು, ಬೇರೆ ಯಾರೂ ಹತ್ತಿರ ಬರಬಾರದು.

ಮಧ್ಯಾಹ್ನ ಚಲ್ವೆ ಸೊಂಟದ ಮಟ್ಟದ ನೀರಿನಲ್ಲಿ ನಿಂತ. ಬಟ್ಟೆಯ ಗಂಟೊಂದು ತೊರೆ ದಾಟುವ ಎಮ್ಮೆಯ ಹಾಗೆ ನೀರು ಸೀಳಿಕೊಂಡು ಬಂತು. ನಂಬುತ್ತೀರಾ ಎಂದು ಕೇಳಿದ. ಗಂಟು ತಲೆಯಾಡಿಸಿತು. ಕಣ್ಣು ಬಿಗಿಯಾಗಿ ಮುಚ್ಚಿ, ದೇವರ ಹೆಸರು ಹೇಳಿ ಮುಳುಗಿಸಿದ. ದಂಡೆಯ ಮೇಲೆ ನಗಾರಿ ನಿಂತಿತು. ಮುದುಕನೊಬ್ಬ ಇಂಥದ್ದನ್ನು ನೋಡಲು ಬದುಕಿದ್ದೆನಲ್ಲ ಎಂದು ಎದ್ದೇ ಹೋದ. ಅಷ್ಟರಲ್ಲಿ ಮುಳುಗಿದವಳು ಉಸಿರುಗಟ್ಟಿ ಮೇಲೆದ್ದು ಎರಡೂ ತೋಳಿನಿಂದ ಚಲ್ವೆಯ ಕೊರಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಇನ್ನೂರು ಜನರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಚಲ್ವೆಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆದರೂ ಮನೆಗೆ ಬರುವಷ್ಟರಲ್ಲಿ ನಾಚಿಕೆ ಇಳಿದು ಸಂತೋಷ ಉಕ್ಕಿತ್ತು. ಹನ್ನೊಂದು ವರ್ಷದ ಪ್ರಾರ್ಥನೆ ಫಲಿಸಿತಲ್ಲ ಎಂದು ಅವನ ಕಣ್ಣು ತುಂಬಿತು. ತಾಯಿಗೆ ಒಣಬಟ್ಟೆ ಕೊಡಲು ತಡಿಕೆಯಾಚೆ ಹೋದ ಮುತಾಲೆ ಬಟ್ಟೆಯ ಸಮೇತ ಹಿಂದಕ್ಕೆ ಬಂದಳು.

"ರೀ, ಅಮ್ಮ ಒಲೆ ಮುಂದೆ ಕೂತು ಕಡಲೆಕಾಯಿ ಹುರೀತಿದ್ದಾಳೆ. ಒಂದು ಕೂದಲೂ ನೆಂದಿಲ್ಲ."

ನೆಂದು ತೊಪ್ಪೆಯಾಗಿ ಪಕ್ಕದಲ್ಲಿ ಕೂತು ಸೀನುತ್ತಿದ್ದವಳು ಬನಾ ಕಬ್ವೆ.

ಕಟೊಂಗೊ ತಡಿಕೆಯ ಬಳಿ ಹೋಗಿ, ಇದು ನಡೆಯುವುದಿಲ್ಲ ತಾಯಿ, ಮುಳುಗಿದವರಿಗೇ ದೀಕ್ಷೆ ಎಂದು ತಿಳಿಸಿ ಹೇಳಿದರು. ಅತ್ತೆ ಮಗಳಿಗೆ ಹೇಳುವಂತೆ ಊರಿಗೇ ಕೇಳಿಸುವ ಹಾಗೆ ಹೇಳಿದಳು:

"ಮುತಾಲೆ, ಮದುವೆಗೆ ನಿನ್ನನ್ನ ಕೇಳೋಕೆ ನಿನ್ನ ಗಂಡ ಬಂದಿದ್ನೇನೇ? ಅವನ ಪರವಾಗಿ ನಡುವಿನವನು ಬಂದ, ಹೆಣ್ಣು ಕೇಳೋ ಶಾಸ್ತ್ರಕ್ಕೆ ತಟ್ಟೇಲಿ ಮಣಿ ಇಟ್ಟ, ನಾನು ಹೂಂ ಅಂದೆ. ನಡುವಿನವನು ಕೇಳಿದ್ದು ನಿನ್ನ ಗಂಡನಿಗೆ ಸೇರ್ತು ತಾನೆ? ಹಾಗೇ ಇವಳು ಮುಳುಗಿದ್ದು ನನಗೆ ಸೇರ್ತು. ಇದು ಲೆಕ್ಕಕ್ಕಿಲ್ಲ ಅಂದ್ರೆ ಆ ಮದುವೇನೂ ಲೆಕ್ಕಕ್ಕಿಲ್ಲ. ಗಂಟು ಕಟ್ಟಿಕೊಂಡು ಈ ಕಡೆ ಬಾ."

ಚಲ್ವೆ ಹೆಂಡತಿಯತ್ತ ನೋಡಿದ. ಅವಳು ಹಗ್ಗದ ಮೇಲಿದ್ದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚುತ್ತಿದ್ದಳು. "ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ?" ಎಂದಳು.

ಚಲ್ವೆ ಆಸೆಯಿಂದ ಹಿರಿಯರ ಕಡೆ ತಿರುಗಿದ. ಕಟೊಂಗೊ ನೆಲ ನೋಡುತ್ತಿದ್ದರು. ಅವರ ಮದುವೆಯನ್ನು ಮೂವತ್ತೆಂಟು ವರ್ಷದ ಹಿಂದೆ ಕುದುರಿಸಿದವನೂ ನಡುವಿನವನೇ, ಅವರ ಹೆಂಡತಿ ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು ಅವರ ಉತ್ತರಕ್ಕೆ ಕಾಯುತ್ತಿದ್ದಳು. ಅವರು ಸಭೆಯ ಪುಸ್ತಕ ತೆರೆದು ಎಡಗೈಯಲ್ಲೇ ಬನಾ ಮುತಾಲೆಯ ಹೆಸರು ಬರೆದರು. ಬಿಳಿ ರುಮಾಲಿನ ಹೆಂಗಸರು ಹಾಡತೊಡಗಿದರು. ಮುತಾಲೆ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದಳು.

ಹೋಗಲಿ, ಇನ್ನು ಆ ನೀರಿನ ಗೊಡವೆ ತಪ್ಪಿತು ಎಂದು ಚಲ್ವೆ ನಿಟ್ಟುಸಿರು ಬಿಡುವಾಗ ಬನಾ ಕಬ್ವೆ ಮೂಗು ಒರೆಸಿಕೊಂಡು ಹತ್ತಿರ ಬಂದಳು. ಈ ಹಾಡು ಕೇಳಿ ಅವಳಿಗೂ ಆಸೆಯಾಗಿತ್ತು.

"ಪಾದ್ರಿಗಳೇ, ಅವಳದ್ದಾಯ್ತು. ಮುಂದಿನ ಶನಿವಾರ ನಂದು. ಆದ್ರೆ ಈ ನೆಗಡೀಲಿ ನಾನು ನೀರಿಗಿಳಿಯೋಳಲ್ಲ, ನನ್ನ ಪರವಾಗಿ ನಿಮ್ಮತ್ತೆ ಬರ್ತಾಳೆ. ನೀವು ಸಂಕೋಚ ಪಡಬೇಡಿ. ನೀರಲ್ಲಿದ್ದಷ್ಟು ಹೊತ್ತು ಅವಳು ನಿಮ್ಮತ್ತೆ ಅಲ್ಲ, ನಾನು."